ಯಾರಿಗೂ ಹೇಳಬ್ಯಾಡ ಅಂತ ಆಣಿ ಮಾಡಿಸ್ಕೊಂಡಾಳ, ಏನ್ ಮಾಡ್ಲಿ ಅಕ್ಕ?

ಪ್ರಶ್ನೆ: ಅಕ್ಕ, ನಾ ಕಲಬುರಗಿಯೊಳಗ ಬಿಎಸ್ಸಿ ಕೊನೀ ವರ್ಷ, ಹಾಸ್ಟೆಲ್‌ನಾಗ ಇರ್ತೀನಿ, ಕಾಲೇಜಿನವ್ರು ನನಗ ಪೀರ್ ಮೆಂಟರ್, ಅಂದ್ರ ಜೂನಿಯರ್‌ಗಳ ಕಷ್ಟ ಕೇಳೋ ಸೀನಿಯರ್, ಮಾಡ್ಯಾರ. ಶಹಾಪುರ ಕಡಿ ಹಳ್ಳಿಯಿಂದ ಬಂದ ಫಸ್ಟ್ ಇಯರ್ ಹುಡುಗಿ ಒಬ್ಬಾಕಿ, ಕನ್ನಡ ಮೀಡಿಯಂನಾಗ ಓದಿದಾಕಿ, ಕ್ಲಾಸ್ ತಿಳೀವಲ್ದು, ರೂಮಿನವ್ರು ನಗ್ತಾರ. ರಾತ್ರಿ ನನ್ನ ಹತ್ರ ಬಂದು ‘ಬದುಕೋದೇ ಬ್ಯಾಡ ಅನಸ್ತದ’ ಅಂತ ಅಳ್ತಾಳ, ಯಾರಿಗೂ ಹೇಳಬ್ಯಾಡ ಅಂತ ಆಣಿ ಮಾಡಿಸ್ಕೊಂಡಾಳ. ನಾನೂ ಹೋದ ವರ್ಷದಿಂದ ಡಿಪ್ರೆಶನ್‌ಗೆ ಗುಳಿಗಿ ತೊಗೋತೀನಿ. ಈ ಕೆಲಸಕ್ಕ ನಾ ಲಾಯಕ್ ಅದೀನೇನು?

ತಂಗಿ, ಮೊದ್ಲು ಆಣಿ ಮಾತು, ಅದು ನಾಳಿಗಿ ಇಡೋದಲ್ಲ. ಈ ಆಣಿ ನೀ ಮುರೀಬೇಕು, ಆದ್ರ ಆಕಿಗಿ ಹೇಳೇ ಮುರೀಬೇಕು. ಆಕಿಗಿ ಗೊತ್ತಿಲ್ದಂಗ ಹೋಗಿ ವಾರ್ಡನ್‌ಗೆ ಹೇಳಿದ್ರ ಆಕಿ ಮುಂದ ಯಾರ ಹತ್ರನೂ ಬಾಯಿ ಬಿಡಂಗಿಲ್ಲ. ಇವತ್ತೇ ಕೂಡಿಸ್ಕೊಂಡು ನೇರ ಕೇಳು, ‘ಸಾಯ್ಬೇಕು ಅನ್ನೋ ವಿಚಾರ ಬರ್ತದೇನು, ಹೆಂಗ ಅಂತನೂ ಯೋಚನಿ ಮಾಡೀಯೇನು’ ಅಂತ. ಹಂಗ ಕೇಳಿದ್ರ ಇಲ್ಲದ್ದು ತಲ್ಯಾಗ ತುಂಬಿದಂಗ ಆಗ್ತದ ಅಂತ ಮಂದಿ ಅಂಜ್ತಾರ, ಹಂಗೇನೂ ಆಗಲ್ಲ. ಹೌದು ಅಂದ್ಳಂದ್ರ ಆಕಿಗಿ ಒಬ್ಬಾಕಿಗೇ ಬಿಡಬ್ಯಾಡ, ಆಗಿಂದಾಗ ವಾರ್ಡನ್‌ನ ಎಬ್ಬಿಸು, ಇಬ್ರೂ ಕೂಡಿ 14416ಕ್ಕ ಫೋನ್ ಹಚ್ರಿ. ಅದು ಟೆಲಿ ಮಾನಸ್, ಮನಸಿನ ತ್ರಾಸಿಗಿ ಸರ್ಕಾರ ನಡಸೋ ಸಹಾಯವಾಣಿ, 2022ರಾಗ ಶುರು ಆಗಿದ್ದು, ರೊಕ್ಕ ಇಲ್ಲ, ಹಗಲು ರಾತ್ರಿ ಯಾವಾಗ್ಲೂ ಎತ್ತತಾರ, ಕನ್ನಡದಾಗೇ ಮಾತಾಡ್ಬಹುದು. ಅಪಾಯ ಹೆಚ್ಚು ಅನಿಸಿದ್ರ ಸೀದಾ ಕಲಬುರಗಿಯ ಸರ್ಕಾರಿ ಜಿಮ್ಸ್ ದವಾಖಾನಿಗಿ ಕರ್ಕೊಂಡು ಹೋಗ್ರಿ.

ದ್ರೋಹ ಮಾಡ್ದಂಗ ಆಯ್ತು ಅಂತ ಮನಸು ಚುಚ್ತದಲ್ಲ, ಅದಕ್ಕ ಒಂದು ಹೇಳ್ತೀನಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪೇಶಂಟ್‌ನ ಗುಟ್ಟು ಕಾಯ್ರಿ ಅಂತ ಡಾಕ್ಟರ್‌ಗೆ ಕಟ್ಟುನಿಟ್ಟಾಗಿ ಹೇಳ್ತದ, ಆದ್ರ ಜೀವಕ್ಕ ಅಪಾಯ ಇದ್ರ ಅದನ್ನ ತಪ್ಪಿಸ್ಲಿಕ್ಕ ಎಷ್ಟು ಬೇಕೋ ಅಷ್ಟು ಹೇಳ್ಬಹುದು ಅಂತನೂ ಬಿಟ್ಟದ. ನೀನೂ ಅಷ್ಟೇ ಮಾಡು. ಆಕಿ ಜೀವದ ಮಾತು ಹೇಳು, ಮನಿ ಜಗಳ, ಆಕಿ ಅತ್ತಿದ್ದು, ಅದೆಲ್ಲ ನಿನ್ನ ಹತ್ರಾನೇ ಇರ್ಲಿ.

ಇನ್ನ ಲಾಯಕ್ ಅದೀನೇನು ಅಂತ ಕೇಳೀದಿ. ಗುಳಿಗಿ ತೊಗೊಳ್ಳೋದು ಲಾಯಕ್ಕಿಗಿ ಅಡ್ಡ ಬರಲ್ಲವ್ವ, ಆ ಹುಡುಗಿ ಅಷ್ಟು ಮಂದಿ ಬಿಟ್ಟು ನಿನ್ನ ಬಾಗಿಲಿಗೇ ಯಾಕ ಬಂದ್ಳು ಯೋಚನಿ ಮಾಡು, ಕತ್ತಲಾಗ ಇದ್ದು ಬಂದಾಕಿಗಿ ಇನ್ನೊಬ್ರ ಕತ್ತಲ ಬೇಗ ಕಾಣ್ತದ. ಆದ್ರ ಕೇಳೋದು ನಿನ್ನ ಕೆಲಸ, ಚಿಕಿತ್ಸೆ ನಿಂದಲ್ಲ. ನನ್ನ ಗುಳಿಗಿ ನೀನೂ ತೊಗೊ ಅಂತ ತಪ್ಪಿಯೂ ಕೊಡಬ್ಯಾಡ, ನೀನೂ ಡಾಕ್ಟರ್‌ನ ಕೇಳ್ದೆ ಬಿಡಬ್ಯಾಡ.

ನನಗ ಸಿಟ್ಟು ಬಂದಿದ್ದು ಬ್ಯಾರೆ ಕಡಿ. ಮೆಂಟರ್ ಅಂತ ಹೆಸರು ಕೊಟ್ಟು ಹುಡುಗ್ಯಾರ ಹೆಗಲ ಮ್ಯಾಲ ಇಷ್ಟು ಭಾರ ಇಟ್ಟು ಆರಾಮ ಕೂಡೋದು ಸರಿ ಅಲ್ಲ. ನಿಮ್ಮ ಮೇಡಂಗ ಹೋಗಿ ಕೇಳು, ಮೆಂಟರ್‌ಗಳೆಲ್ಲ ವಾರಕ್ಕೊಮ್ಮಿ ಅವ್ರ ಜೊತಿ ಕೂಡ್ಬೇಕು, ರಾತ್ರಿ ಪಾಳಿ ಹಂಚ್ಬೇಕು, ನಿನಗೇ ತ್ರಾಸ ಆದ ದಿನ ‘ಇವತ್ತು ನನಗ ಆಗಂಗಿಲ್ಲ’ ಅನ್ನೋ ಹಕ್ಕು ಬೇಕು. ಆ ಹುಡುಗಿಗಿ ಬರೀ ಸಮಾಧಾನ ಸಾಲದು, ಇಂಗ್ಲಿಷ್ ನೋಟ್ಸ್ ಕನ್ನಡದಾಗ ಬಿಡಿಸಿ ಹೇಳೋರು ಬೇಕು, ನಗೋ ರೂಮಿನಿಂದ ಬ್ಯಾರೆ ರೂಮು ಬೇಕು, ಇವೆರಡೂ ಕಾಲೇಜಿನವ್ರು ಮನಸು ಮಾಡಿದ್ರ ಒಂದು ವಾರದಾಗ ಆಗೋ ಕೆಲಸ. ಬರದು ಕೊಡು, ಒಂದು ಕಾಪಿ ನೀ ಇಟ್ಕೋ.