ಪ್ರತಿಕ್ರಿಯೆ: ಟಂಡ್ರಾ ಫಾರಿನ್ ಗಾಡಿನಾ?

ಡಲ್ಲಾಸ್‌ನಲ್ಲಿ ಪಿಕಪ್ ತಗೋಬೇಕು, ಆಫೀಸಿನವ್ರು ಟೊಯೋಟಾ ಟಂಡ್ರಾ ಫಾರಿನ್ನು, ಶೆವಿ (ಶೆವ್ರೊಲೆ) ಸಿಲ್ವರಾಡೋ ತಗೊಂಡ್ರೆ ಅಮೆರಿಕದ್ದು ಅಂತಾರೆ, ನಿಜಾನಾ ಅಂತ ಕೇಳಿದೀರಲ್ಲ ಸರ್, ಅದು ಬರೀ ಬ್ಯಾಡ್ಜ್ ನೋಡಿ ಹೇಳೋ ಮಾತು. ಟಂಡ್ರಾ ತಯಾರಾಗೋದು ನಿಮ್ಮದೇ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ. ಸಿಲ್ವರಾಡೋ 1500 ಇಂಡಿಯಾನಾದಲ್ಲೂ ಆಗುತ್ತೆ, ಮೆಕ್ಸಿಕೋದ ಸಿಲಾವೋದಲ್ಲೂ ಆಗುತ್ತೆ, ನಿಮಗೆ ಸಿಗೋದು ಯಾವ್ದು ಅಂತ ಗಾಡಿ ನೋಡಿಯೇ ಹೇಳ್ಬೇಕು. ಫೋರ್ಡ್ ಮ್ಯಾವರಿಕ್ ಅಂತೂ ಪೂರ್ತಿ ಮೆಕ್ಸಿಕೋದ್ದು. ಹಾಗಂತ ಟೊಯೋಟಾದ್ದೆಲ್ಲ ಇಲ್ಲಿಯದೇ ಅಂದ್ಕೋಬೇಡಿ, ಟಕೋಮಾ ಈಗ ಬರೋದು ಮೆಕ್ಸಿಕೋದಿಂದ.

ಜಪಾನಿನವ್ರು ಇಲ್ಲೇ ಪಿಕಪ್ ಫ್ಯಾಕ್ಟರಿ ಹಾಕಿದ್ದಕ್ಕೆ ಒಂದು ದೊಡ್ಡ ಕಾರಣ 1964ರಿಂದ ಹೊರಗಿನ ಪಿಕಪ್‌ಗಳ ಮೇಲಿರೋ 25% ಸುಂಕ, ಯುರೋಪಿನವ್ರು ಅಮೆರಿಕದ ಕೋಳಿ ಮೇಲೆ ತೆರಿಗೆ ಏರಿಸಿದ್ರು ಅಂತ ಅಮೆರಿಕ ಹಾಕಿದ್ದು ಅದು, ಕೋಳಿ ಜಗಳ ಯಾವತ್ತೋ ಮುಗೀತು, ಸುಂಕ ಮಾತ್ರ ಹೋಗ್ಲೇ ಇಲ್ಲ.

ಲಾಭ ಜಪಾನಿಗೆ ಹೋಗುತ್ತೆ ಅನ್ನೋದು ಸರಿನೇ, ಆದ್ರೆ ನನಗೆ ಫ್ಯಾಕ್ಟರಿಯಲ್ಲಿ ದುಡಿಯೋರ ಸಂಬಳ ಯಾವ ಊರಲ್ಲಿ ಖರ್ಚಾಗುತ್ತೆ ಅನ್ನೋದೇ ಮುಖ್ಯ. ಶೋರೂಮಿಗೆ ಹೋದಾಗ ವಿಐಎನ್ ಅಂದ್ರೆ ಗಾಡಿಯ ಗುರುತಿನ ನಂಬರಿನ ಮೊದಲ ಅಂಕಿ ಅಥವಾ ಅಕ್ಷರ ನೋಡಿ, 1, 4, 5 ಇದ್ರೆ ಅಮೆರಿಕ, 2 ಕೆನಡಾ, 3 ಮೆಕ್ಸಿಕೋ, ಜೆ ಇದ್ರೆ ಜಪಾನ್. ಹೊಸ ಗಾಡಿ ಕಿಟಕಿಗೆ ಅಂಟಿಸಿರೋ ಚೀಟಿಯಲ್ಲಿ ಪಾರ್ಟ್ಸ್ ಎಷ್ಟು ಪರ್ಸೆಂಟ್ ಇಲ್ಲಿಯದು ಅಂತಾನೂ ಇರುತ್ತೆ, ಆದ್ರೆ ಅದರಲ್ಲಿ ಅಮೆರಿಕ ಕೆನಡಾ ಎರಡನ್ನೂ ಸೇರಿಸಿ ಲೆಕ್ಕ ಹಾಕಿರ್ತಾರೆ, ಅದೊಂದು ನೆನಪಿರ್ಲಿ.