ಎದುರಾಳಿಗೆ ಕನ್ನಡ ಬಾರದಿದ್ದರೆ ಚೀಟಿ ಬರೆಯಬಾರದಾ?

ಪ್ರಶ್ನೆ: ನಾನು ಕಾರವಾರದವನು. ಈಚೆಗೆ ಬೆಂಗಳೂರಿಗೆ ಹೋಗಿ ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ಟೂರ್ನಿಯಲ್ಲಿ ಆಡಿದೆ. ಒಂದು ಕಾರ್ಡಿನಿಂದಾಗಿ ಎದುರಾಳಿ ತಮ್ಮ ಕೈಯಲ್ಲಿದ್ದ ಕಾರ್ಡುಗಳನ್ನು ತೋರಿಸಬೇಕಾಯಿತು. ಅವು ಯಾವುವೆಂದು ಕನ್ನಡದಲ್ಲಿ ಬರೆದುಕೊಂಡೆ. ‘ಇದೇನು ಗುಪ್ತ ಲಿಪಿ?’ ಅಂತ ಅವರು ಜಡ್ಜ್ ಕರೆದರು. ಜಡ್ಜ್ ಕೇಳಿದ್ದಕ್ಕೆ ಅರ್ಥ ಹೇಳಿದೆ, ಆಟ ಮುಂದುವರಿಯಿತು. ನನ್ನದು ತಪ್ಪಾ? ಯೂಗಿಯೋ ಎಂಬ ಇನ್ನೊಂದು ಕಾರ್ಡ್ ಆಟ ಆಡುವ ನನ್ನ ತಮ್ಮನೂ ಹೀಗೆ ಬರೆಯಬಹುದಾ?

ಉತ್ತರ: ನಿಮ್ಮದು ತಪ್ಪಲ್ಲ ಮಾರಾಯ್ರೆ. ಜಡ್ಜ್ ಮಾಡಿದ್ದೂ ಸರಿ.

ನಮ್ಮ ಕಡೆ ಮದುವೆ ಮನೆಯ ಜಗಲಿಯಲ್ಲಿ ಇಸ್ಪೀಟು ಆಡುವಾಗ ಯಾರಾದರೂ ಪೆನ್ನು ತೆಗೆದರೆ ಹಿರಿಯರು ಎಬ್ಬಿಸಿ ಕಳಿಸುತ್ತಾರೆ. ಬಿದ್ದ ಎಲೆ ನೆನಪಿಡುವುದೇ ಅಲ್ಲಿ ಆಟ. ಮ್ಯಾಜಿಕ್‌ನಲ್ಲಿ ಹಾಗಿಲ್ಲ, ಪಂದ್ಯದ ನಡುವೆ ಬರೆದುಕೊಳ್ಳಬಹುದು. ಆದರೆ ಪಂದ್ಯ ಶುರುವಾಗುವಾಗ ಹಾಳೆ ಖಾಲಿ ಇರಬೇಕು, ಕೊನೆವರೆಗೂ ಕಣ್ಣಿಗೆ ಕಾಣುವ ಹಾಗಿರಬೇಕು. ತೊಡೆಯ ಮೇಲೆ ಇಟ್ಟುಕೊಂಡರೆ ನಡೆಯದು.

ಬರೆದದ್ದರ ಅರ್ಥವನ್ನು ಎದುರಾಳಿಗೆ ಹೇಳಬೇಕಾಗಿಲ್ಲ. ‘ಲ್ಯಾಂಡ್ 2’ (ಲ್ಯಾಂಡ್ ಅಂದರೆ ಒಂದು ಬಗೆಯ ಕಾರ್ಡು) ಅಂತ ಕನ್ನಡದಲ್ಲಿ ಬರೆಯಿರಿ, ಬರೀ ಗೀಟು ಎಳೆಯಿರಿ, ಅದು ನಿಮ್ಮ ಗುಟ್ಟು. ಜಡ್ಜ್‌ಗೆ ಮಾತ್ರ ಹಾಳೆ ನೋಡುವ, ಅರ್ಥ ಕೇಳುವ ಹಕ್ಕಿದೆ. ಅವರು ಕೇಳಿದಾಗ ‘ಏನಿಲ್ಲ, ಸುಮ್ನೆ ಗೀಚಿದೆ’ ಎಂದು ಜಾರಿಕೊಳ್ಳಬೇಡಿ. ಅನುಮಾನ ಹುಟ್ಟುವುದೇ ಅಲ್ಲಿ.

ಜಾಸ್ತಿ ಜನ ಎಡವುವುದು ಮನೆಯಿಂದ ಬರೆದು ತಂದ ಚೀಟಿಯಲ್ಲಿ. ಎದುರಾಳಿಯ ಡೆಕ್, ಅಂದರೆ ಕಾರ್ಡಿನ ಕಟ್ಟು, ಯಾವುದಾದರೆ ಸೈಡ್‌ಬೋರ್ಡಿನ (ಗೇಮ್‌ಗಳ ನಡುವೆ ಬದಲಿಸಲು ಪಕ್ಕಕ್ಕಿಟ್ಟ) 15 ಕಾರ್ಡಿನಲ್ಲಿ ಯಾವುದು ಒಳಗೆ, ಬದಲಿಗೆ ಯಾವುದು ಹೊರಗೆ ಎಂದು ಬರೆದಿರುತ್ತಾರಲ್ಲ, ಅದು. ಒಂದು ಪಂದ್ಯದಲ್ಲಿ ಎರಡು-ಮೂರು ಗೇಮ್ ಇರುತ್ತವೆ. ಒಂದು ಗೇಮ್ ಮುಗಿದು ಇನ್ನೊಂದು ಶುರುವಾಗುವ ಮೊದಲು ಅದನ್ನು ನೋಡಬಹುದು. ಒಂದೆರಡು ಹಾಳೆ ಸಾಕು. ಮುಂದಿನ ಗೇಮ್ ಶುರುವಾಗುವುದರೊಳಗೆ ಅದು ಚೀಲ ಸೇರಬೇಕು. ಗೇಮ್ ನಡೆಯುವಾಗ ಅದನ್ನು ನೋಡಿದರೆ ಹೊರಗಿನ ನೆರವು ಪಡೆದ ಹಾಗೆ. ಸ್ಪರ್ಧಾತ್ಮಕ ಟೂರ್ನಿಯಲ್ಲಿ ಅದಕ್ಕೆ ಶಿಕ್ಷೆ ಇಡೀ ಪಂದ್ಯದ ಸೋಲು. ಹಿಂದಿನ ಸುತ್ತಿನಲ್ಲಿ ಬರೆದ ಹಾಳೆಯನ್ನೂ ಗೇಮ್ ನಡುವೆ ನೋಡುವಂತಿಲ್ಲ. ಬಹಳ ಜನ ಅದೇ ಪುಸ್ತಕದ ಪುಟ ತಿರುಗಿಸುತ್ತಾ ಸಿಕ್ಕಿಬೀಳುತ್ತಾರೆ. ಅದಕ್ಕೇ ನಾನು ಬಿಡಿ ಹಾಳೆ ಒಯ್ಯಿರಿ ಅನ್ನುವುದು. ಮೊಬೈಲ್ ಚೀಲದಲ್ಲೇ ಇರಲಿ.

ಇನ್ನೊಂದು ಮಾತು. ಲೈಫ್, ಅಂದರೆ ಆಟಗಾರನಿಗೆ ಉಳಿದಿರುವ ಜೀವದ ಅಂಕದ, ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. 20, 17, 12 ಅಂತ ಒಂದರ ಕೆಳಗೊಂದು, ಹಳೆಯದನ್ನು ಅಳಿಸದೆ. ಜಗಳ ಬಂದರೆ ದಾಳ ತಿರುಗಿಸಿ ಲೆಕ್ಕ ಇಟ್ಟವರಿಗಿಂತ ಹೀಗೆ ಬರೆದವರ ಮಾತಿಗೆ ತೂಕ ಹೆಚ್ಚು. ಬರೆಯುವುದು ಬೇಗ ಮುಗಿಯಲಿ. ಸುತ್ತಿಗೆ ಸಾಮಾನ್ಯವಾಗಿ 50 ನಿಮಿಷ ಅಷ್ಟೇ, ಕತೆ ಬರೆಯುತ್ತಾ ಕೂತರೆ ನಿಧಾನ ಆಟವೆಂದು ಎಚ್ಚರಿಕೆ ಸಿಗುತ್ತದೆ.

ಪೋಕೆಮಾನ್ ಕಾರ್ಡ್ ಆಟದಲ್ಲೂ ಹೆಚ್ಚುಕಡಿಮೆ ಇದೇ ಕ್ರಮ. ಡೆಕ್ಕನ್ನು ಮೊದಲ ಸಲ ಹುಡುಕುವಾಗ ಅಲ್ಲಿ ಕಾಣದ್ದು ಯಾವುದು ಎಂದು ನೋಡಿ, ಆಟದ ಶುರುವಿನಲ್ಲೇ ಮುಚ್ಚಿ ಪಕ್ಕಕ್ಕಿಡುವ 6 ಪ್ರೈಜ್ ಕಾರ್ಡ್‌ಗಳಲ್ಲಿ ಏನು ಸಿಕ್ಕಿಕೊಂಡಿದೆ ಅಂತ ಬರೆದಿಟ್ಟುಕೊಳ್ಳುವುದು ಅಲ್ಲಿನ ಒಳ್ಳೆಯ ರೂಢಿ.

ನಿಮ್ಮ ತಮ್ಮನ ಸಂಗತಿ ಬೇರೆ. ಯೂಗಿಯೋದಲ್ಲಿ ಕಾಗದ ಇರುವುದು 8000ದಿಂದ ಇಳಿಯುವ ಲೈಫ್ ಪಾಯಿಂಟ್ ಲೆಕ್ಕಕ್ಕೆ. ಎದುರಾಳಿಯ ಕೈಯಲ್ಲಿ ಕಂಡ ಕಾರ್ಡನ್ನು ಅವನು ತಲೆಯಲ್ಲೇ ಇಟ್ಟುಕೊಳ್ಳಬೇಕು, ಬರೆಯುವಂತಿಲ್ಲ. ಕೊಂಕಣಿಯಲ್ಲಿ ಬರೆದರೂ ಅಷ್ಟೇ.