ಹಣೆಯ ಕುಂಕುಮ ದುಂಡಗಿದೆಯಾ, ಮೊದಲು ನೋಡಿ

ಪ್ರಶ್ನೆ: ಅಕ್ಕನ ಮದುವೆಗೆ 6 ಅಡಿ ಅಗಲ, 4 ಅಡಿ ಎತ್ತರದ ಬ್ಯಾನರ್ ಹಾಕಿಸಿದ್ದೆವು. ಕೊಟ್ಟಿದ್ದು ಫೋನ್ ನಿಲ್ಲಿಸಿ ತೆಗೆದ ಉದ್ದನೆಯ ಫೋಟೋ. ಬ್ಯಾನರಿನಲ್ಲಿ ಅಕ್ಕ, ಭಾವ ಇಬ್ಬರೂ ದಪ್ಪಗೆ ಕಾಣುತ್ತಿದ್ದಾರೆ. ಫೋಟೋ ಕೆಡದ ಹಾಗೆ ಅಡ್ಡಕ್ಕೆ ಹಿಗ್ಗಿಸುವುದು ಹೇಗೆ? (ಗಂಗಾವತಿ)

ಉತ್ತರ: ಹಿಗ್ಗಿಸಲೇಬೇಡಿ. ಕೊಪ್ಪಳದ ಜಾತ್ರೆ ಮುಗಿದು ಮದುವೆಗಳು ಶುರುವಾದರೆ ಸಾಕು, ಈ ಪ್ರಶ್ನೆ ನನ್ನ ಟೇಬಲ್ ಮೇಲೆ ಬಂದು ಕೂರುತ್ತದೆ. ಲೆಕ್ಕ ನೋಡಿ. ಫೋನಿನ ಉದ್ದನೆಯ ಫೋಟೋ ಸಾಮಾನ್ಯವಾಗಿ 3ಕ್ಕೆ 4. ನಿಮ್ಮ ಬ್ಯಾನರ್ 6ಕ್ಕೆ 4. ಎತ್ತರ ಅಷ್ಟೇ ಇದೆ, ಅಗಲ ಮಾತ್ರ 3 ಇದ್ದದ್ದು 6 ಆಯಿತು. ಮುಖ ಸರಿಯಾಗಿ ಎರಡರಷ್ಟು ಅಗಲ. ಭಾವ ದಪ್ಪ ಕಾಣದೆ ಇನ್ನೇನು?

ಪ್ರಿಂಟಿಗೆ ಹೋಗುವ ಮುಂಚೆ ಅಂಗಡಿಯವರು ಸ್ಕ್ರೀನಿನಲ್ಲಿ ತೋರಿಸುತ್ತಾರೆ ಅಲ್ವಾ, ಆಗ ಎಲ್ಲರೂ ಹೆಸರು, ತಾರೀಖು ಮಾತ್ರ ಓದುತ್ತಾರೆ. ಅದರ ಜೊತೆಗೆ ದುಂಡಗಿರಬೇಕಾದ ವಸ್ತು ನೋಡಿ. ಹಣೆಯ ಕುಂಕುಮ, ಹಿಂದೆ ನಿಂತ ಕಾರಿನ ಚಕ್ರ. ನೇರ ನಿಂತವರ ಕುಂಕುಮ ಅಡ್ಡಡ್ಡ ಮೊಟ್ಟೆಯಾಗಿದ್ದರೆ ಅಲ್ಲೇ ನಿಲ್ಲಿಸಿ.

ತಪ್ಪು ಹೆಚ್ಚಾಗಿ ಆಗುವುದು ಶಿಫ್ಟ್ ಕೀ ಹತ್ತಿರ. ಹಳೇ ಫೋಟೋಶಾಪಿನಲ್ಲಿ ಕಂಟ್ರೋಲ್ ಟಿ ಒತ್ತಿ, ಶಿಫ್ಟ್ ಹಿಡಿದು ಮೂಲೆ ಎಳೆದರೆ ಅಳತೆ ಕೆಡುತ್ತಿರಲಿಲ್ಲ. 2018ರ ಅಕ್ಟೋಬರಿನಲ್ಲಿ ಬಂದ ಸಿಸಿ 2019 ವರ್ಷನ್ನಿನಲ್ಲಿ ಇದು ಉಲ್ಟಾ ಆಯಿತು. ಈಗ ಸುಮ್ನೆ ಎಳೆದರೆ ಸರಿ, ಶಿಫ್ಟ್ ಹಿಡಿದರೆ ಕೆಡುತ್ತದೆ. ವರ್ಷಗಟ್ಟಲೆ ಪಳಗಿದ ಕೈ ಕೇಳುವುದಿಲ್ಲ. ನನ್ನದೂ ಕೇಳಲಿಲ್ಲ. ಹೊಸ ವರ್ಷನ್ ಹಾಕಿದ ವಾರವೇ ಒಂದು ನಾಮಕರಣದ ಬ್ಯಾನರಿನಲ್ಲಿ ತೊಟ್ಟಿಲು ತೆಪ್ಪದಂತಾಗಿತ್ತು. ನನ್ನ ಖರ್ಚಿನಲ್ಲೇ ಮತ್ತೊಂದು ಪ್ರಿಂಟ್ ಹಾಕಿಸಿದೆ. ಆಮೇಲಿಂದ ಎಳೆದ ಮೇಲೆ ಮೇಲಿನ ಪಟ್ಟಿಯಲ್ಲಿ ಅಗಲ, ಎತ್ತರದ ಶೇಕಡಾ ಎರಡೂ ಒಂದೇ ಇವೆಯಾ ಅಂತ ನೋಡದೆ ಎಂಟರ್ ಒತ್ತುವುದಿಲ್ಲ.

ಹಾಗಾದರೆ ಉಳಿದ 3 ಅಡಿ ಜಾಗ? ಹೆಸರು ಬರೆಯಲು ಜಾಗ ಬೇಕೇ ಬೇಕಲ್ಲ! ಜೋಡಿಯನ್ನು ಒಂದು ಕಡೆ ಇದ್ದ ಅಳತೆಯಲ್ಲೇ ನಿಲ್ಲಿಸಿ, ಇನ್ನೊಂದು ಕಡೆ ಹೆಸರು, ಮುಹೂರ್ತ ಹಾಕಿ. ಹಿಂದೆ ಬರೀ ಗೋಡೆ ಇದ್ದರೆ ಫೋಟೋಶಾಪಿನ ಕಂಟೆಂಟ್ ಅವೇರ್ ಸ್ಕೇಲ್ ಬಳಸಬಹುದು. 2008ರ ಸಿಎಸ್4 ವರ್ಷನ್ನಿನಿಂದಲೂ ಇದೆ. ಜನರನ್ನು ಸೆಲೆಕ್ಟ್ ಮಾಡಿ ಸೇವ್ ಮಾಡಿಟ್ಟು, ಪ್ರೊಟೆಕ್ಟ್ ಅನ್ನುವಲ್ಲಿ ಅದನ್ನೇ ಆರಿಸಿ ಎಳೆದರೆ ಗೋಡೆ ಹಿಗ್ಗುತ್ತದೆ, ಜನ ಹಾಗೇ ಇರುತ್ತಾರೆ. ಮಂಟಪದ ಕಂಬ, ಹೂವಿನ ಸರ ಇದ್ದರೆ ಮಾತ್ರ ಕೈ ಹಾಕಬೇಡಿ. ಕಂಬ ಸೊಟ್ಟಗಾಗುತ್ತದೆ.

ಇನ್ನೊಂದು ಮಾತು. ಲೇಯರನ್ನು, ಅಂದರೆ ಫೋಟೋ ಇರುವ ಪದರವನ್ನು, ಚಿಕ್ಕದು ಮಾಡಿ ಎಂಟರ್ ಒತ್ತಿ, ಆಮೇಲೆ ಮತ್ತೆ ದೊಡ್ಡದು ಮಾಡಿದರೆ ಹೋದ ಪಿಕ್ಸೆಲ್ (ಫೋಟೋದ ಚುಕ್ಕಿ) ವಾಪಸ್ ಬರುವುದಿಲ್ಲ. ಮುರಿದ ಖಡಕ್ ರೊಟ್ಟಿ ಕೂಡುತ್ತದಾ? ಹೀಗೆ ಚಿಕ್ಕದು, ದೊಡ್ಡದು ಮಾಡುವ ಮುಂಚೆಯೇ ಅದನ್ನು ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಪಿಕ್ಸೆಲ್ ಹಾಗೇ ಉಳಿಸಿಕೊಳ್ಳುವ ಲೇಯರ್) ಮಾಡಿಕೊಳ್ಳಿ.

ಮತ್ತೆ ಫೋಟೋವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಬರೀ ಫೋಟೋ ಆಗಿ ಕಳಿಸಿದರೆ ಅದು ಚಿಕ್ಕದು ಮಾಡಿಬಿಡುತ್ತದೆ. 1200ಕ್ಕೆ 1600 ಪಿಕ್ಸೆಲ್ ಫೋಟೋವನ್ನು 3 ಅಡಿ ಅಗಲಕ್ಕೆ ಹಾಕಿದರೆ ಇಂಚಿಗೆ ಸಿಗುವುದು 33 ಪಿಕ್ಸೆಲ್. ನಾನು ಬ್ಯಾನರಿಗೆ ಕೇಳುವುದು 72. 33 ಇದ್ದರೆ ರಸ್ತೆಯಿಂದ ನೋಡಿದರೆ ನಡೆಯುತ್ತದೆ, ಊಟದ ಪಂಕ್ತಿ ಪಕ್ಕ ಕಟ್ಟಿದರೆ ನಡೆಯುವುದಿಲ್ಲ.

ಪ್ರಶ್ನೆ: ರೆಸಲ್ಯೂಶನ್ 72 ಇದ್ದದ್ದನ್ನು 300 ಮಾಡಿದರೆ ಫೋಟೋ ಕ್ಲಿಯರ್ ಆಗುತ್ತದಾ? (ಸಿಂಧನೂರು)

ಉತ್ತರ: ಇಲ್ಲ. ಅದು ಇಂಚಿಗೆ ಎಷ್ಟು ಪಿಕ್ಸೆಲ್ ಅಂತ ಹೇಳುವ ಸಂಖ್ಯೆ ಅಷ್ಟೇ. 25 ಕೆಜಿ ಚೀಲದ ಮೇಲೆ 50 ಅಂತ ಬರೆದರೆ ಒಳಗಿನ ಅಕ್ಕಿ ಜಾಸ್ತಿಯಾಗುತ್ತದಾ?

ಪ್ರಶ್ನೆ: ತೀರಿಹೋದ ಅಜ್ಜಿಯ ಒಂದೇ ಫೋಟೋ ಇದೆ, ಒಂದು ಇಂಚಿನದು. ಎಐ ಆ್ಯಪಿನಲ್ಲಿ ದೊಡ್ಡದು ಮಾಡಿಕೊಡುತ್ತೇವೆ ಅಂತ ಒಬ್ಬರು 500 ರೂಪಾಯಿ ಕೇಳಿದ್ದಾರೆ. ಕೊಡಬಹುದಾ? (ರಾಯಚೂರು)

ಉತ್ತರ: ಆ ಆ್ಯಪ್ ನಿಮ್ಮ ಅಜ್ಜಿಯನ್ನು ನೋಡಿಲ್ಲ. ಇಲ್ಲದ ಕಣ್ಣು, ಇಲ್ಲದ ಹಲ್ಲು ತಾನೇ ಬರೆಯುತ್ತದೆ. ಗೋಡೆ ಮೇಲೆ ಯಾರದೋ ಅಜ್ಜಿಗೆ ಹಾರ ಹಾಕಿದ ಹಾಗಾಗುತ್ತದೆ. ಮೂಲ ಫೋಟೋವನ್ನು ಫೋನಿನಲ್ಲಿ ತೆಗೆಯದೆ, ಸ್ಕ್ಯಾನರಿನಲ್ಲಿ 1200 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಒಂದು ಇಂಚು 1200 ಪಿಕ್ಸೆಲ್ ಆಗುತ್ತದೆ. ಅಂಗೈ ಅಗಲದ ಫ್ರೇಮಿಗೆ ಅದು ಸಾಕು. ಅದಕ್ಕಿಂತ ದೊಡ್ಡದರ ಆಸೆ ಬಿಡಿ.

ಪ್ರಶ್ನೆ: ಮುನಿರಾಬಾದಿನಲ್ಲಿ ತೆಗೆದ ಡ್ಯಾಮಿನ ಫೋಟೋದಲ್ಲಿ ನೀರು ಓರೆಯಾಗಿದೆ. ಒಂದೊಂದೇ ಡಿಗ್ರಿ ತಿರುಗಿಸಿ ನೋಡಿದೆ, ಮಸುಕಾಯಿತು. (ಹೊಸಪೇಟೆ)

ಉತ್ತರ: ಆಗಲೇಬೇಕು. 90 ಡಿಗ್ರಿ ತಿರುಗಿಸಿದರೆ ಪಿಕ್ಸೆಲ್ ಜಾಗ ಬದಲಾಗುತ್ತದೆ ಅಷ್ಟೇ. ಒಂದೆರಡು ಡಿಗ್ರಿ ತಿರುಗಿಸಿದರೆ ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕಿ ಕಲಸುತ್ತದೆ. ಮೂಲ ಫೈಲ್ ತೆಗೆದುಕೊಳ್ಳಿ. ಕ್ರಾಪ್ ಟೂಲಿನ ಸ್ಟ್ರೈಟನ್ ಆರಿಸಿ, ದೂರದ ನೀರಿನ ಅಂಚಿನುದ್ದಕ್ಕೂ ಒಂದು ಗೆರೆ ಎಳೆಯಿರಿ. ಒಂದೇ ಸಲಕ್ಕೆ ಮುಗಿಯಿತು. ಮೂಲೆಗಳು ಸ್ವಲ್ಪ ಹೋಗುತ್ತವೆ.

ಪ್ರಶ್ನೆ: ಫೋಟೋದಲ್ಲಿ ತಂದೆಯವರು ಎಡಕ್ಕೆ ನೋಡುತ್ತಿದ್ದಾರೆ. ಫ್ಲಿಪ್ ಮಾಡಿ ಬಲಕ್ಕೆ ನೋಡುವಂತೆ ಮಾಡಬಹುದಾ? (ಬಳ್ಳಾರಿ)

ಉತ್ತರ: ಮಾಡಬಹುದು. ಆದರೆ ಅಂಗಿಯ ಜೇಬು ಬಲಕ್ಕೆ ಹೋಗುತ್ತದೆ, ಬೈತಲೆ ಬದಲಾಗುತ್ತದೆ, ಮಚ್ಚೆ ಇದ್ದರೆ ಅದೂ. ನಿಮಗೆ ಗೊತ್ತಾಗದೇ ಇರಬಹುದು. ಪ್ರಿಂಟ್ ಹಾಕಿಸುವ ಮುಂಚೆ ನಿಮ್ಮ ತಾಯಿಗೆ ತೋರಿಸಿ.